ಬಟನ್ನಿನ ಬಣ್ಣ ಮತ್ತು ಚಾಟ್ನಿಯ ದಿನ

ವಿಜಯಪುರ ಜಿಲ್ಲೆಯಲ್ಲಿ ಕೃಷಿಗೆ ಸಂಬಂಧಿಸಿದ ಹೊಸ ಆ್ಯಪ್‌ನ ಸಭೆ ಎಂದರೆ ಅದರ ಕ್ರಮ ಈಗ ಎಲ್ಲರಿಗೂ ಬಾಯಿಪಾಠವಾಗಿದೆ. ಸ್ವಾಗತ, ಹೂಗುಚ್ಛ, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು, ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದ ಹುಡುಗರ ವಿವರಣೆ, ನಡುವೆ ಚಹಾ ಮತ್ತು ಚೂಡಾ, ಕೊನೆಯ ಅರ್ಧ ತಾಸಿನಲ್ಲಿ ‘ಈಗ ರೈತ ಬಾಂಧವರು ತಮ್ಮ ಅಭಿಪ್ರಾಯ ತಿಳಿಸಬೇಕು’ ಎಂಬ ಕೋರಿಕೆ. ಆಗ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಅಕ್ಷರ ಸಾಕಷ್ಟು ದೊಡ್ಡದಾಗಿವೆಯೇ, ಬಟನ್ ಹಸಿರು ಇರಲೋ ನೀಲಿ ಇರಲೋ, ಓದುವುದಕ್ಕಿಂತ ಧ್ವನಿಯಲ್ಲಿ ಕೇಳುವುದು ಅನುಕೂಲವೇ. ರೈತರು ಮನೆಗೆ ಬಂದ ಬೀಗರಿಗೆ ಉತ್ತರಿಸುವಷ್ಟೇ ಸೌಜನ್ಯದಿಂದ ಉತ್ತರಿಸುತ್ತಾರೆ. ಯೋಜನೆಯ ವರದಿಯಲ್ಲಿ ಆ ಅರ್ಧ ತಾಸು ‘ವಿನ್ಯಾಸದಲ್ಲಿ ಬಳಕೆದಾರರ ಸಹಭಾಗಿತ್ವ’ ಎಂಬ ಅಧ್ಯಾಯವಾಗಿ ಕಾಣಿಸಿಕೊಳ್ಳುತ್ತದೆ.

ತಂತ್ರಾಂಶದ ತಂಡಕ್ಕೂ ತೋಟದವರಿಗೂ ನಡುವೆ ಓಡಾಡುವುದೇ ನನ್ನ ಕೆಲಸವಾದುದರಿಂದ ಇಂಥ ಸಭೆಗಳಲ್ಲಿ ನಾನು ಎರಡೂ ಕಡೆಯ ಕುರ್ಚಿಯಲ್ಲಿ ಕುಳಿತಿದ್ದೇನೆ. ನನ್ನ ಅಣ್ಣನ ದ್ರಾಕ್ಷಿ ತೋಟ ತಿಕೋಟಾ ಭಾಗದಲ್ಲಿದೆ. ಸಂಬಳ ಕೊಡುವವರು ಬೇರೆ ಊರಿನವರು. ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವುದು ಒಂದೇ ಸಂಗತಿ. ರೈತರನ್ನು ಕೇಳುವುದಿಲ್ಲ ಎಂಬ ಹಳೆಯ ದೂರು ಈಗ ಅಷ್ಟು ನಿಜವಲ್ಲ, ಕೇಳುತ್ತಾರೆ. ಆದರೆ ಈ ತಂತ್ರಾಂಶ ರೈತನ ಯಾವ ತೀರ್ಮಾನಕ್ಕೆ ನೆರವಾಗಬೇಕು ಎಂಬುದು ಇತ್ಯರ್ಥವಾದ ಮೇಲೆ, ಹಣ ಮಂಜೂರಾದ ಮೇಲೆ, ಅರ್ಧ ಕೆಲಸ ಮುಗಿದ ಮೇಲೆ ಕೇಳುತ್ತಾರೆ. ಆ ಹೊತ್ತಿಗೆ ರೈತನ ಪಾಲಿಗೆ ಉಳಿದಿರುವುದು ಬಟನ್ನಿನ ಬಣ್ಣ ಮಾತ್ರ.

ಸಮುದಾಯ ಭವನದ ಒಂದು ಮಧ್ಯಾಹ್ನ

ಸೆಪ್ಟೆಂಬರ್ ಕೊನೆಯ ಒಂದು ದಿನ. ನಾನು ಜೊತೆಗಿದ್ದ ತಂಡವೊಂದು ದ್ರಾಕ್ಷಿಗೆ ತಗಲುವ ಡೌನಿ ಎಂಬ ಬೂಜು ರೋಗದ ಮುನ್ಸೂಚನೆ ಕೊಡುವ ಆ್ಯಪ್ ಸಿದ್ಧಪಡಿಸಿತ್ತು. ಮಳೆ, ಉಷ್ಣತೆ, ಎಲೆಯ ಮೇಲೆ ತೇವ ನಿಲ್ಲುವ ಅವಧಿ ಇವುಗಳನ್ನು ಲೆಕ್ಕಹಾಕಿ, ರೋಗ ತಗಲುವ ಸಂಭವ ಹೆಚ್ಚಿದ್ದಾಗ ಮೊಬೈಲಿಗೆ ಕೆಂಪು ಗುರುತು ಕಳಿಸುವುದು ಅದರ ಕೆಲಸ. ವಿವರಣೆ ಚೆನ್ನಾಗಿಯೇ ನಡೆಯಿತು. ಕೆಂಪು, ಹಳದಿ, ಹಸಿರು ಎಲ್ಲರಿಗೂ ತಿಳಿಯಿತು. ಕೊನೆಗೆ ಅಭಿಪ್ರಾಯ ಕೇಳಿದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯರು ಎದ್ದು ನಿಂತರು.

“ಸರ, ಇದು ಛಲೋ ಐತ್ರಿ. ಆದ್ರ ಮಳಿ ಆದ ಮ್ಯಾಲೆ ನಮ್ಮ ಎರಿ ಹೊಲದಾಗ ಎರಡ ದಿನ ಟ್ರ್ಯಾಕ್ಟರ್ ಇಳಿಯಂಗಿಲ್ಲ. ಇವತ್ತ ಎಣ್ಣಿ ಹೊಡೀರಿ ಅಂತ ಮೊಬೈಲ್ ಹೇಳಿದ್ರ ಹೆಂಗ ಹೊಡಿಯೂಣ್ರಿ?”

ಸೂಚನೆ ಇನ್ನಷ್ಟು ಬೇಗ ಬರುವಂತೆ ಮಾಡುತ್ತೇವೆ ಎಂದು ತಂಡದವರು ಹೇಳಿದರು. ಹಿರಿಯರು ಕುಳಿತುಕೊಳ್ಳಲಿಲ್ಲ.

“ಬೇಗ ಅಂದ್ರ ಎಷ್ಟ ಬೇಗ ರೀ? ಡೌನಿ ನಮ್ಮನ್ನ ಹಿಡಿಯೂದು ಬಿಡೂದು ಚಾಟ್ನಿ ಯಾವಾಗ ಮಾಡೇವಿ ಅನ್ನೂದರ ಮ್ಯಾಲೆ ಐತಿ. ಅದನ್ನ ಹೇಳತೈತೇನ್ರಿ ನಿಮ್ಮ ಮೊಬೈಲ?”

(ಚಾಟ್ನಿ ಎಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವುದು, ಪ್ರೂನಿಂಗ್.) ಸಭೆ ನಕ್ಕಿತು, ತಂಡದವರೂ ನಕ್ಕರು. ಸಂಜೆ ನಾನು ಟಿಪ್ಪಣಿ ನೋಡಿದಾಗ ಆ ಪ್ರಶ್ನೆ ಹೀಗೆ ದಾಖಲಾಗಿತ್ತು: ‘ಸೂಚನೆಗಳು ಮುಂಚಿತವಾಗಿ ಬರಬೇಕೆಂದು ಒಬ್ಬ ರೈತರು ಕೋರಿದರು.’ ಇಡೀ ಯೋಜನೆಯ ತಳವನ್ನೇ ಅಲುಗಿಸಬಹುದಾಗಿದ್ದ ಮಾತು ಒಂದು ಸಣ್ಣ ತಿದ್ದುಪಡಿಯ ಕೋರಿಕೆಯಾಗಿ ಕಾಗದದ ಮೇಲೆ ಇಳಿದಿತ್ತು. ಬರೆದುಕೊಂಡ ಹುಡುಗನಲ್ಲಿ ಕಪಟವೇನೂ ಇರಲಿಲ್ಲ. ಅವನ ಮುಂದಿದ್ದ ನಮೂನೆಯಲ್ಲಿ ‘ಸೌಲಭ್ಯದ ಬೇಡಿಕೆ’ ಎಂಬ ಅಂಕಣವಿತ್ತು, ‘ನೀವು ಬಿಡಿಸುತ್ತಿರುವ ಲೆಕ್ಕವೇ ಬೇರೆ’ ಎಂಬುದಕ್ಕೆ ಅಂಕಣವಿರಲಿಲ್ಲ.

ದ್ರಾಕ್ಷಿ ಬೆಳೆಯದವರಿಗಾಗಿ ಎರಡು ಮಾತು. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಹೆಸರಿಗೆ ಅಕ್ಟೋಬರ್ ಆದರೂ ಅದು ಆಗಸ್ಟ್ ಕೊನೆಯಿಂದ ನವೆಂಬರ್ ತನಕ ಹರಡಿಕೊಂಡಿರುತ್ತದೆ, ಜಗಳವಿರುವುದೇ ಅಲ್ಲಿ. ಬೇಗ ಮಾಡಿದವನ ಹಣ್ಣು ಮಾರುಕಟ್ಟೆಗೆ ಮೊದಲು ಹೋಗಿ ದರ ಸಿಗಬಹುದು, ಆದರೆ ಎಳೆ ಚಿಗುರು, ಹೂಗೊಂಚಲು ಇರುವ ಮೊದಲ 40–50 ದಿನಗಳಲ್ಲಿ ಹಿಂಗಾರು ಮಳೆ ಸುರಿದರೆ ಡೌನಿ ಗೊಂಚಲನ್ನೇ ತಿಂದುಹಾಕುತ್ತದೆ. ತಡ ಮಾಡಿದವನು ಮಳೆಯಿಂದ ಪಾರಾಗುತ್ತಾನೆ, ಆದರೆ ಹಣ್ಣು ಮಾಗುವುದಕ್ಕೆ ಚಾಟ್ನಿಯಿಂದ 120–140 ದಿನ ಬೇಕಾಗುವುದರಿಂದ ಅವನ ಮಾಲು ಒಣದ್ರಾಕ್ಷಿಯ ಶೆಡ್ಡಿಗೆ ಹೋಗುವಾಗ ಮಾರ್ಚ್ ಮುಗಿಯುತ್ತಿರುತ್ತದೆ, ಏಪ್ರಿಲಿನ ಅಕಾಲಿಕ ಮಳೆ ಗುಡುಗುತ್ತಿರುತ್ತದೆ. ರ್‍ಯಾಕಿನ ಮೇಲೆ ಹರವಿದ ಹಣ್ಣಿಗೆ ಹಸಿ ತಗಲಿದರೆ ಬಣ್ಣ ಕಪ್ಪಾಗುತ್ತದೆ, ದರ ಅರ್ಧಕ್ಕೆ ಬೀಳುವುದನ್ನು ನಾವು ನೋಡಿದ್ದೇವೆ. ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಸುಮಾರು ಒಂದು ಕಿಲೋ ಆಗುವ ವ್ಯಾಪಾರದಲ್ಲಿ ಬಣ್ಣ ಕೆಟ್ಟರೆ ವರ್ಷದ ಗಳಿಕೆ ಹೋದಂತೆ. ಎಣ್ಣಿ (ಔಷಧ) ಯಾವ ದಿನ ಹೊಡೆಯಬೇಕು ಎಂಬುದು ಈ ದೊಡ್ಡ ತೀರ್ಮಾನದ ಬಾಲ ಅಷ್ಟೇ. ತಂಡಕ್ಕೆ ಸಿಕ್ಕ ಮಾಹಿತಿ ಹವಾಮಾನದ್ದು, ಸಿಕ್ಕ ಸೂತ್ರ ರೋಗದ್ದು, ಆದ್ದರಿಂದ ಅವರು ಬಾಲವನ್ನು ಹಿಡಿದಿದ್ದರು.

ಹಿಡಿದ ಸೂತ್ರವಾದರೂ ಎಲ್ಲಿಯದು? ಯುರೋಪಿನ ತೋಟಗಳಲ್ಲಿ ಡೌನಿಯ ಮೊದಲ ಸೋಂಕಿಗೆ ಹಳೆಯ ಒಂದು ಲೆಕ್ಕವಿದೆ: ಉಷ್ಣತೆ 10 ಡಿಗ್ರಿ ದಾಟಿರಬೇಕು, 10 ಮಿಲಿಮೀಟರ್ ಮಳೆಯಾಗಿರಬೇಕು, ಚಿಗುರು 10 ಸೆಂಟಿಮೀಟರ್ ಬೆಳೆದಿರಬೇಕು. ಚಳಿಗಾಲದಲ್ಲಿ ಬಳ್ಳಿ ಬೋಳಾಗಿ ನಿದ್ದೆ ಹೋಗುವ, ರೋಗದ ಬೀಜ ಉದುರಿದ ಎಲೆಗಳಲ್ಲಿ ಅಡಗಿ ವಸಂತಕ್ಕಾಗಿ ಕಾಯುವ ದೇಶಕ್ಕೆ ಅದು ಸರಿಯಾದ ಲೆಕ್ಕ. ತಿಕೋಟಾದಲ್ಲಿ ಅಕ್ಟೋಬರ್ ತಿಂಗಳ ಯಾವ ರಾತ್ರಿ 10 ಡಿಗ್ರಿಗೆ ಇಳಿಯುತ್ತದೆ? ನಮ್ಮ ಬಳ್ಳಿ ಹಾಗೆ ಮಲಗುವುದೂ ಇಲ್ಲ. ಒಬ್ಬನ ತೋಟದಲ್ಲಿ ಹಳೆಯ ಎಲೆ ಇನ್ನೂ ಇರುವಾಗಲೇ ಪಕ್ಕದವನದು ಚಿಗುರಿರುತ್ತದೆ. ಆ ಲೆಕ್ಕವನ್ನು ಆಧಾರವಾಗಿಟ್ಟುಕೊಂಡ ಆ್ಯಪ್ ಮೋಡ ಕವಿದಾಗಲೆಲ್ಲ ಕೆಂಪು ತೋರಿಸತೊಡಗಿತು. ದಿನವೂ ಕೆಂಪಾಗಿರುವ ಮೊಬೈಲನ್ನು ಯಾರೂ ನೋಡುವುದಿಲ್ಲ. ಪುಣೆಯ ಬಳಿ ಮಾಂಜರಿಯಲ್ಲಿ 1997ರಿಂದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ಎರಡು ಚಾಟ್ನಿಯ ಪದ್ಧತಿಯನ್ನು ಅರಿತವರು ಅಲ್ಲಿದ್ದಾರೆ. ಮೊದಲ ವಾರದಲ್ಲೇ ಒಬ್ಬ ಬೆಳೆಗಾರನನ್ನು ಜೊತೆಗೆ ಕೂರಿಸಿಕೊಂಡಿದ್ದರೆ ಈ ಮಾತು ಮೊದಲ ವಾರದಲ್ಲೇ ಹೊರಬೀಳುತ್ತಿತ್ತು ಎಂಬುದು ನನ್ನ ತಕರಾರು.

ಅದೇ ಕಪ್ಪು ಮಣ್ಣಿನಲ್ಲಿ

ಇದು ನಮ್ಮ ಜಿಲ್ಲೆಯ ಹಣೆಬರಹವೇನೂ ಅಲ್ಲ. ಆಸ್ಟ್ರೇಲಿಯಾದಲ್ಲಿ 1970ರ ದಶಕದಲ್ಲಿ ಹತ್ತಿ ಬೆಳೆಗಾರರಿಗಾಗಿ ಸಿರಟ್ಯಾಕ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿದರು. ಹೊಲದಲ್ಲಿ ಎಣಿಸಿದ ಹುಳುಗಳ ಸಂಖ್ಯೆಯನ್ನು ಅದಕ್ಕೆ ಕೊಟ್ಟರೆ ಔಷಧ ಹೊಡೆಯಬೇಕೋ ಬೇಡವೋ ಎಂದು ಹೇಳುತ್ತಿತ್ತು. 1980ರ ದಶಕ ಮುಗಿಯುವ ಹೊತ್ತಿಗೆ ಅದು ನಿಂತುಹೋಯಿತು. ಅದನ್ನು ಕುರಿತು ನಂತರ ಬರೆದವರು ಗಮನಿಸಿದ ಒಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕೆಲವು ಹಂಗಾಮು ಬಳಸಿದ ಬೆಳೆಗಾರರು ಹುಳು ಎಣಿಸುವ ಕ್ರಮವನ್ನೂ ಎಷ್ಟು ಹುಳುವಿನ ತನಕ ಸುಮ್ಮನಿರಬಹುದು ಎಂಬ ಮಿತಿಯನ್ನೂ ಕಲಿತುಬಿಟ್ಟಿದ್ದರು; ಆಮೇಲೆ ಅವರಿಗೆ ಕಂಪ್ಯೂಟರ್ ಬೇಕಾಗಲಿಲ್ಲ. ಬಳಕೆದಾರರ ಸಂಖ್ಯೆ ನೋಡಿದರೆ ಇದು ಸೋಲು. ಹೊಲದ ಬದುವಿನಲ್ಲಿ ನಿಂತು ನೋಡಿದರೆ ಹಾಗೆನ್ನಲು ನನಗೆ ಮನಸ್ಸು ಬಾರದು.

ಅದೇ ದೇಶದಲ್ಲಿ 1990ರ ದಶಕದಲ್ಲಿ ಫಾರ್ಮ್‌ಸ್ಕೇಪ್ ಎಂಬ ಕೆಲಸ ನಡೆಯಿತು. ಅದನ್ನು ನಡೆಸಿದ ಪೀಟರ್ ಕಾರ್ಬೆರಿ ಮತ್ತು ಸಂಗಡಿಗರು 2002ರಲ್ಲಿ ಅದರ ಕಥೆಯನ್ನು ಬರೆದಿದ್ದಾರೆ. ಈಶಾನ್ಯ ಆಸ್ಟ್ರೇಲಿಯಾದ ಆ ಸೀಮೆಯದೂ ನಮ್ಮಂತೆಯೇ ಬಿರುಕು ಬಿಡುವ ಕಪ್ಪು ಮಣ್ಣು, ನಮ್ಮ ಹಿಂಗಾರಿ ಜೋಳದಂತೆಯೇ ನೆಲದೊಳಗೆ ಕೂಡಿಟ್ಟ ಹಸಿಯ ಮೇಲೆ ಬೆಳೆ ತೆಗೆಯುವ ಬೇಸಾಯ. ವಿಜ್ಞಾನಿಗಳ ಕೈಯಲ್ಲಿ ಬೆಳೆಯ ಬೆಳವಣಿಗೆಯನ್ನು ಲೆಕ್ಕಹಾಕುವ ಆಪ್ಸಿಮ್ ಎಂಬ ಮಾದರಿ ಇತ್ತು. ಅದನ್ನು ರೈತರ ಕೈಗೆ ಕೊಟ್ಟು ‘ಬಳಸಿ’ ಎನ್ನುವ ಬದಲು ಅವರು ಮೊದಲು ರೈತರ ಜೊತೆ ಹೊಲಕ್ಕೆ ಹೋಗಿ ಆಳದ ಮಣ್ಣು ತೆಗೆದು, ಯಾವ ಆಳದಲ್ಲಿ ಎಷ್ಟು ಹಸಿ ಇದೆ ಎಂದು ಅಳೆದರು. ರೈತರಿಗೆ ಮೊದಲು ರುಚಿಸಿದ್ದು ಈ ಅಳತೆ. ತಮ್ಮದೇ ಹೊಲದ ಅಳತೆ ಮಾದರಿಯೊಳಗೆ ಹೋದ ಮೇಲೆ, ಹಿಂದಿನ ಎಷ್ಟೋ ವರ್ಷಗಳ ಮಳೆಯನ್ನು ಅದರ ಮೇಲೆ ಸುರಿಸಿ ನೋಡುವ ಕುತೂಹಲ ಅವರಲ್ಲೇ ಹುಟ್ಟಿತು. ಈಗ ಬಿತ್ತಿದರೆ ಏನು, ಹದಿನೈದು ದಿನ ಬಿಟ್ಟರೆ ಏನು, ಗೊಬ್ಬರ ಕಡಿಮೆ ಮಾಡಿದರೆ ಏನು ಎಂದು ಅವರು ಕೇಳುತ್ತ ಹೋದರು, ಯಂತ್ರ ಲೆಕ್ಕ ಮಾಡುತ್ತ ಹೋಯಿತು. ‘ಇಂತಿಷ್ಟು ಮಾಡು’ ಎಂಬ ಅಪ್ಪಣೆ ಅಲ್ಲಿರಲಿಲ್ಲ.

ಇದನ್ನು ಓದಿದಾಗ ನನಗೆ ಸಮುದಾಯ ಭವನದ ಆ ಹಿರಿಯರು ನೆನಪಾದರು. ಅವರ ಪ್ರಶ್ನೆ ಅಸಾಧ್ಯದ್ದು ಎಂದು ನಮ್ಮ ತಂಡ ಭಾವಿಸಿತ್ತು, ಏಕೆಂದರೆ ನಲವತ್ತು ದಿನ ಮುಂದಿನ ಮಳೆಯನ್ನು ದಿನ ಹಿಡಿದು ಹೇಳುವ ಮುನ್ಸೂಚನೆ ಎಲ್ಲಿಯೂ ಇಲ್ಲ. ಆದರೆ ಅವರು ಭವಿಷ್ಯ ಕೇಳಿರಲಿಲ್ಲ. ಸೆಪ್ಟೆಂಬರ್ 10ಕ್ಕೆ ಚಾಟ್ನಿ ಮಾಡಿದರೆ ಹೂವಿನ ಹೊತ್ತಿಗೆ ಮಳೆ ಸಿಕ್ಕಿಕೊಂಡ ವರ್ಷಗಳು ಹಿಂದೆ ಎಷ್ಟು, ಅಕ್ಟೋಬರ್ 5ಕ್ಕೆ ಮಾಡಿದರೆ ಎಷ್ಟು, ತಡ ಮಾಡಿದವನ ಶೆಡ್ಡಿನ ಮೇಲೆ ಏಪ್ರಿಲ್ ಮಳೆ ಬಿದ್ದ ವರ್ಷಗಳು ಎಷ್ಟು ಎಂಬುದನ್ನು ಹಳೆಯ ಮಳೆ ದಾಖಲೆಯಿಂದಲೇ ಎಣಿಸಿ ಎದುರಿಗಿಡಬಹುದು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅದಕ್ಕೂ ಹಿಂದಿನ ದಾಖಲೆ ತಾಲ್ಲೂಕು ಮಟ್ಟದಲ್ಲಿ ಸಿಗುತ್ತದೆ. (ಅದೇ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ನಮ್ಮ ಭಾಗದವರು ಮತ್ತೆ ಮತ್ತೆ ಕರೆ ಮಾಡುವುದನ್ನು ನೋಡಿದ್ದೇನೆ. ಆ ತುದಿಯಲ್ಲಿ ಮನುಷ್ಯರು ಫೋನ್ ಎತ್ತುತ್ತಾರೆ, ‘ಹಂಗಾರ ನಾಳಿಗಿ?’ ಎಂದು ಮರುಪ್ರಶ್ನೆ ಹಾಕಬಹುದು. ನಮ್ಮ ಆ್ಯಪ್‌ನಲ್ಲಿ ಆ ಸೌಕರ್ಯ ಇರಲಿಲ್ಲ.)

ವೈನಿಯ ಡೈರಿ

ತಂಡದಲ್ಲಿ ಪರದೆಯ ವಿನ್ಯಾಸ ಮಾಡುವ ಹುಡುಗಿಯೊಬ್ಬಳಿದ್ದಳು. ಸಭೆಗಳಲ್ಲಿ ಬೇಸರಗೊಂಡ ಆಕೆ ಒಂದು ದಿನ ತಾನಾಗಿಯೇ ತೋಟದ ಮನೆಗೆ ಹೋಗೋಣ ಎಂದಳು. ಅಣ್ಣನ ಮನೆಗೆ ಕರೆದುಕೊಂಡು ಹೋದೆ. ಅಣ್ಣ ಬ್ಲೋವರ್ ರಿಪೇರಿಗೆ ಹೋಗಿದ್ದ. ಹುಡುಗಿ ನಿರಾಶೆಯಿಂದ ನನ್ನ ಮುಖ ನೋಡಿದಾಗ ವೈನಿ (ಅಣ್ಣನ ಹೆಂಡತಿ) ಒಳಗಿನಿಂದ ಒಂದು ಉದ್ದನೆಯ ಡೈರಿ ತಂದು ಕಟ್ಟೆಯ ಮೇಲಿಟ್ಟು, “ಅವರನ್ನ ಕೇಳಿದ್ರ ಏನ ಗೊತ್ತಾಗತೈತಿ ತಮ್ಮಾ, ಎಲ್ಲಾ ಬರಿಯಾಕಿ ನಾ” ಎಂದರು.

ಆ ಡೈರಿಯ ಎದುರು ನಾವು ಮಧ್ಯಾಹ್ನವೆಲ್ಲ ಕುಳಿತಿದ್ದೆವು. ಅದರಲ್ಲಿ ತಾರೀಖಿಗಿಂತ ಮೊದಲು ಬರುವುದು ದಿನದ ಸಂಖ್ಯೆ: ಚಾಟ್ನಿಯಾಗಿ 12ನೇ ದಿನ, 27ನೇ ದಿನ, 42ನೇ ದಿನ. ದ್ರಾಕ್ಷಿಯಲ್ಲಿ ಎಲ್ಲ ಕೆಲಸವೂ ಆ ಎಣಿಕೆಯ ಮೇಲೆಯೇ ನಡೆಯುತ್ತದೆ, ಕನ್ಸಲ್ಟಂಟ್ ಕೊಡುವ ಶೆಡ್ಯೂಲ್ ಕೂಡ ಹಾಗೆಯೇ ಇರುತ್ತದೆ. ನಮ್ಮ ಆ್ಯಪ್ ತಾರೀಖು ತೋರಿಸುತ್ತಿತ್ತು. ಡೈರಿಯಲ್ಲಿ ತೋಟ ಮೂರು ತುಂಡಾಗಿತ್ತು: ಬಾವಿ ಪ್ಲಾಟ್, ರೋಡ್ ಪ್ಲಾಟ್, ಕೆಳಗಿನ ಪ್ಲಾಟ್. ಮೂರಕ್ಕೂ ಬೇರೆ ಬೇರೆ ದಿನ ಚಾಟ್ನಿ. ಒಂದಕ್ಕೆ ಮಳೆ ಸಿಕ್ಕರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕ ಒಂದು ಕಡೆ, ಕಡ್ಡಿ ಚಿಗುರಲೆಂದು ಪೇಸ್ಟ್ ಹಚ್ಚುವ ಗ್ಯಾಂಗಿನವರ ಪಾಳಿ ಯಾವಾಗ ಸಿಗುತ್ತದೆ ಎಂಬುದು ಇನ್ನೊಂದು ಕಡೆ. ಆ್ಯಪ್‌ಗೆ ಗೊತ್ತಿದ್ದದ್ದು ಒಂದು ಸರ್ವೆ ನಂಬರ್, ಒಂದು ಚಾಟ್ನಿ. ಔಷಧದ ಅಳತೆಯನ್ನು ಆ್ಯಪ್ ಎಕರೆಗೆ ಇಷ್ಟು ಗ್ರಾಂ ಎನ್ನುತ್ತಿತ್ತು. ಡೈರಿಯಲ್ಲಿದ್ದದ್ದು 200 ಲೀಟರಿನ ಬ್ಯಾರಲ್‌ಗೆ ಎಷ್ಟು, ಆ ದಿನ ಎಷ್ಟು ಬ್ಯಾರಲ್ ಹೋಯಿತು ಎಂಬುದು. ಹಿಂದಿನ ಪುಟಗಳಿಂದ ಶುರುವಾಗಿ ತಿರುವುಮುರುವಾಗಿ ಔಷಧದ ಅಂಗಡಿಯ ಉದ್ರಿ ಲೆಕ್ಕ ಬರುತ್ತಿತ್ತು, ಒಣದ್ರಾಕ್ಷಿ ಮಾರಿದ ಮೇಲೆ ತೀರಿಸುವಂಥದ್ದು. ಮುಂದಿನ ಪುಟದ ಎಷ್ಟೋ ತೀರ್ಮಾನಗಳಿಗೆ ಕಾರಣ ಈ ಹಿಂದಿನ ಪುಟಗಳಲ್ಲಿತ್ತು. ಅಂಗಡಿಯಲ್ಲಿ ಉದ್ರಿ ಸಿಗುವ ಔಷಧವೇ ತೋಟಕ್ಕೆ ಹೋಗುವ ಔಷಧ.

ಹುಡುಗಿ ಬಹಳ ಒಳ್ಳೆಯ ಕೆಲಸ ಮಾಡಿದಳು. ಲ್ಯಾಪ್‌ಟಾಪ್ ತೆರೆಯಲಿಲ್ಲ. ದ್ರಾಕ್ಷಿ ಪ್ಯಾಕಿಂಗ್ ಮಾಡುವ ರಟ್ಟಿನ ಬಾಕ್ಸ್ ಒಂದನ್ನು ಬಿಚ್ಚಿ ಮೊಬೈಲಿನಷ್ಟಗಲದ ತುಂಡುಗಳನ್ನು ಕತ್ತರಿಸಿ, “ಇದು ಮೊಬೈಲ್ ಅಂದುಕೊಳ್ಳಿ ಅಕ್ಕಾ, ಮುಂಜಾನೆ ಎದ್ದಕೂಡಲೇ ಇದರ ಮೇಲೆ ಏನಿದ್ದರೆ ನಿಮಗೆ ಉಪಯೋಗ?” ಎಂದು ಪೆನ್ನು ಕೊಟ್ಟಳು. ವೈನಿ ಸ್ವಲ್ಪ ಹೊತ್ತು ಯೋಚಿಸಿ ಬರೆದದ್ದು ಹವಾಮಾನವನ್ನಲ್ಲ, ರೋಗವನ್ನೂ ಅಲ್ಲ. ಹೋದ ವರ್ಷ ಇದೇ ಪ್ಲಾಟಿಗೆ, ಚಾಟ್ನಿಯಾಗಿ ಇಷ್ಟನೇ ದಿನಕ್ಕೆ ಏನು ಹೊಡೆದಿದ್ದೆವು, ಆಗ ಮೋಡ ಇತ್ತೋ ಇಲ್ಲವೋ, ಆಮೇಲೆ ಏನಾಯಿತು. ಅಷ್ಟೇ. ಹಳೆಯ ಡೈರಿ ಹುಡುಕಿ ಪುಟ ತಿರುವಿ ಆ ದಿನಕ್ಕೆ ಬರುವ ಹೊತ್ತಿಗೆ ಅಣ್ಣ ಟ್ರ್ಯಾಕ್ಟರ್ ಚಾಲೂ ಮಾಡಿರುತ್ತಾನಂತೆ.

ಹೀಗೆ ರಟ್ಟಿನ ಮೇಲೆ ವಿನ್ಯಾಸ ಮಾಡುವುದು ಹೊಸದಲ್ಲ. 1980ರ ದಶಕದಲ್ಲಿ ಸ್ವೀಡನ್ ಮತ್ತು ಡೆನ್ಮಾರ್ಕಿನಲ್ಲಿ ಮುದ್ರಣ ಕಾರ್ಮಿಕರ ಜೊತೆ ಸೇರಿ ಕಂಪ್ಯೂಟರ್ ವ್ಯವಸ್ಥೆ ರೂಪಿಸಿದ ಯುಟೋಪಿಯಾ ಯೋಜನೆಯಲ್ಲಿ ಮರದ ತುಂಡು, ರಟ್ಟಿನ ಡಬ್ಬಿಗಳನ್ನೇ ಯಂತ್ರವೆಂದು ಭಾವಿಸಿ ಕೆಲಸ ಮಾಡಿ ನೋಡುತ್ತಿದ್ದರು. ಅದಕ್ಕೂ ಹತ್ತು ವರ್ಷ ಮೊದಲು ನಾರ್ವೆಯ ಕ್ರಿಸ್ಟೆನ್ ನೈಗಾರ್ಡ್ ಲೋಹ ಕಾರ್ಮಿಕರ ಸಂಘದ ಜೊತೆ ಈ ದಾರಿಯನ್ನು ತೆರೆದಿದ್ದರು. ಅಲ್ಲಿ ಕಾರ್ಮಿಕರ ಬೆನ್ನಿಗೆ ಸಂಘವಿತ್ತು, ‘ಈ ಯಂತ್ರ ನಮಗೆ ಬೇಡ’ ಎನ್ನುವ ಶಕ್ತಿಯಿತ್ತು ಎಂಬುದನ್ನು ನಾವು ಆ ಪದ್ಧತಿಯನ್ನು ಎರವಲು ತರುವಾಗ ಸುಮ್ಮನೆ ಬಿಟ್ಟುಬಿಡುತ್ತೇವೆ. ಬೇಡ ಎನ್ನಲು ಬಾರದವರನ್ನು ಕರೆದು ಅಭಿಪ್ರಾಯ ಕೇಳಿದರೆ ‘ಛಲೋ ಐತ್ರಿ’ ಎಂಬ ಉತ್ತರವೇ ಬರುತ್ತದೆ.

ಯಾರನ್ನು ಕರೆಯುತ್ತೇವೆ

ವೈನಿಯ ಹೆಸರು ನಮ್ಮ ಬಳಕೆದಾರರ ಪಟ್ಟಿಯಲ್ಲಿ ಇರಲಿಲ್ಲ. ನೋಂದಾಯಿಸಿದ್ದು ಅಣ್ಣನ ನಂಬರ್. ಜಿಲ್ಲೆಯ ಯಾವ ಸಭೆಗೆ ಹೋದರೂ ಅವೇ ಹತ್ತು ಹನ್ನೆರಡು ಪ್ರಗತಿಪರ ರೈತರ ಮುಖಗಳು, ಅವೇ ಶಾಲುಗಳು. ಅವರು ಜಾಣರು, ಸಜ್ಜನರು, ಮಾತು ಬಲ್ಲವರು, ಅದರಲ್ಲಿ ಅನುಮಾನವಿಲ್ಲ. ಆದರೆ ಕೃಷಿಹೊಂಡದಲ್ಲಿ ಬೇಸಿಗೆಗೆ ಸಾಲುವಷ್ಟು ನೀರಿರುವವನ ತೀರ್ಮಾನವೂ ಟ್ಯಾಂಕರ್ ತರಿಸುವವನ ತೀರ್ಮಾನವೂ ಒಂದೇ ಅಲ್ಲ. ಲಾವಣಿಗೆ (ಗುತ್ತಿಗೆಗೆ) ತೋಟ ಮಾಡುವವನಿಗೆ ಮುಂದಿನ ವರ್ಷ ಆ ತೋಟ ತನ್ನ ಕೈಯಲ್ಲಿ ಇರುತ್ತದೆಯೋ ಇಲ್ಲವೋ ಗೊತ್ತಿರುವುದಿಲ್ಲ, ಹಾಗಾಗಿ ‘ಹೋದ ವರ್ಷದ ಇದೇ ದಿನ’ ಅವನಿಗೆ ಅಷ್ಟಾಗಿ ಒದಗಿಬಾರದು. ಸಭೆ ಕರೆಯುವ ತಿಂಗಳೂ ಒಂದು ಆಯ್ಕೆಯೇ. ಅಕ್ಟೋಬರ್, ನವೆಂಬರಿನಲ್ಲಿ ಕರೆದರೆ ಬರುವವರು ಆಳುಗಳ ಮೇಲೆ ತೋಟ ಬಿಟ್ಟು ಬರಬಲ್ಲವರು ಮಾತ್ರ. ಕೂಲಿ ಕಳೆದುಕೊಂಡು ಬರುವವರಿಗೆ ಆ ದಿನದ ಕೂಲಿ ಕೊಡಬೇಕೆಂದು ನಾನು ಹೇಳಿದಾಗ, ಅಂಥ ಖರ್ಚಿಗೆ ಬಜೆಟ್ಟಿನಲ್ಲಿ ಅವಕಾಶವಿಲ್ಲ ಎಂದರು. ಹೂಗುಚ್ಛಕ್ಕೆ ಇತ್ತು.

ಯೋಜನೆಗೆ ಹಣ ಕೊಟ್ಟವರು ಕೇಳುವ ಲೆಕ್ಕ ಇನ್ನೂ ಬದಲಾಗಿಲ್ಲ: ತಿಂಗಳಿಗೆ ಎಷ್ಟು ಜನ ಆ್ಯಪ್ ತೆರೆದರು. ಚಾಟ್ನಿಯ ದಿನ ತೀರ್ಮಾನಿಸಲು ನೆರವಾಗುವ ಸಾಧನವನ್ನು ರೈತ ವರ್ಷಕ್ಕೆ ಎರಡು ಮೂರು ಸಲ ತೆರೆದರೆ ಹೆಚ್ಚು. ಸಿರಟ್ಯಾಕ್ ಬಳಸಿದವರಂತೆ ಕಲಿತುಕೊಂಡು ಬಿಟ್ಟುಬಿಟ್ಟರೆ ಅದೂ ಇಲ್ಲ. ದಿನವೂ ತೆರೆಸಬೇಕೆಂಬ ಹಟಕ್ಕೆ ಬಿದ್ದರೆ ದಿನವೂ ಕೆಂಪು ತೋರಿಸುವ ಆ್ಯಪ್‌ಗೇ ಮರಳಬೇಕಾಗುತ್ತದೆ. ಈ ವಿಷಯದಲ್ಲಿ ತಂಡದ ಮುಖ್ಯಸ್ಥರಿಗೂ ನನಗೂ ಇನ್ನೂ ಒಮ್ಮತವಿಲ್ಲ. ಅವರ ಕಷ್ಟವೂ ನನಗೆ ತಿಳಿಯುತ್ತದೆ, ಮುಂದಿನ ಕಂತು ಬರದಿದ್ದರೆ ಡೈರಿಯ ಪುಟವೂ ಇಲ್ಲ, ಮಳೆಯ ಎಣಿಕೆಯೂ ಇಲ್ಲ.

ಆದರೂ ಈ ಬಾರಿ ಕೆಲಸದ ಕ್ರಮ ಸ್ವಲ್ಪ ಬದಲಾಗಿದೆ. ಚಾಟ್ನಿಯ ಗಡಿಬಿಡಿ ಶುರುವಾಗುವ ಮುಂಚೆ, ಜುಲೈ ತಿಂಗಳಲ್ಲಿ, ಹಳೆಯ ಮಳೆ ದಾಖಲೆಯನ್ನು ಕಾಗದದ ಮೇಲೆ ಹರಡಿಕೊಂಡು ಕೂರುವುದೆಂದು ಗೊತ್ತಾಗಿದೆ. ಡೈರಿ ಬರೆಯುವವರೂ ಬರಬೇಕೆಂದು ಮನೆಮನೆಗೆ ಹೇಳಿ ಬಂದಿದ್ದೇವೆ. ಉಳಿದ ಚರ್ಚೆ ಔಷಧದ ಅಂಗಡಿಯವರದು. ಉದ್ರಿ ಕೊಡುವವರೇ ಅರ್ಧ ತೀರ್ಮಾನ ಮಾಡುವಾಗ ಅವರನ್ನು ಬಿಟ್ಟು ಕುಳಿತು ಏನು ಪ್ರಯೋಜನ ಎಂದು ಅಣ್ಣ ಕೇಳುತ್ತಾನೆ. ಅವರು ಕುಳಿತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ ಎಂದು ವೈನಿ ಹೇಳುತ್ತಾರೆ. ಕೊನೆಗೆ ಮೊದಲ ಬೈಠಕ್ ಅವರಿಲ್ಲದೆ ತೋಟದ ಮನೆಯಲ್ಲಿ, ಎರಡನೆಯದು ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ಅವರ ಅಂಗಡಿಯಲ್ಲೇ ಎಂದು ಇತ್ಯರ್ಥವಾಗಿದೆ.